‘ಅಸಾಲ್ಟ್’ ಮತ್ತು ‘ಹಲ್ಲೆ’: ಒಂದು ಕ್ರಿಯಾಪದದ ಅರ್ಥವ್ಯಾಪ್ತಿ

ಇಂಗ್ಲಿಷಿನ ‘ಅಸಾಲ್ಟ್’ ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ‘ಹಲ್ಲೆ ಮಾಡು’ ಎಂಬ ಸಂವಾದಿ ರೂಪವು ರೂಢಿಗೊಂಡಿದೆ. ಪತ್ರಿಕೆ, ಪೊಲೀಸ್ ಠಾಣೆ, ನ್ಯಾಯಾಲಯ ಈ ಮೂರೂ ಕಡೆ ಅದು ಪ್ರಶ್ನಾತೀತವಾಗಿ ಬಳಕೆಯಾಗುತ್ತಿದೆ. ಆದರೆ ಈ ಎರಡು ಪದಗಳ ಅರ್ಥವ್ಯಾಪ್ತಿ ಒಂದೇ ಅಲ್ಲ. ಅವುಗಳ ನಡುವಿನ ಅಂತರವು ಕೇವಲ ನಿಘಂಟುಕಾರರ ಚರ್ಚೆಯ ವಸ್ತುವಾಗಿ ಉಳಿಯದೆ, ಸಾಮಾನ್ಯ ಜನರು ತಮಗಾದ ಅನ್ಯಾಯವನ್ನು ನಿವೇದಿಸಿಕೊಳ್ಳುವ ಬಗೆಯನ್ನೇ ಪ್ರಭಾವಿಸುತ್ತದೆ ಎಂಬುದು ಗಮನಿಸಬೇಕಾದ ಸಂಗತಿ.

‘ಅಸಾಲ್ಟ್’ ಪದದ ಮೂಲ ಲ್ಯಾಟಿನ್ನಿನ ‘ಸಲೀರೆ’ ಧಾತು. ಅದರ ಅರ್ಥ ‘ಜಿಗಿ’, ‘ನೆಗೆ’. ‘ಕಡೆಗೆ’ ಎಂಬರ್ಥದ ಉಪಸರ್ಗವನ್ನು ಪಡೆದು, ಹಳೆಯ ಫ್ರೆಂಚಿನ ಮೂಲಕ ಅದು ಇಂಗ್ಲಿಷಿಗೆ ಬಂದಿತು. ‘ಅಸೇಲ್’ ಎಂಬ ಕ್ರಿಯಾಪದವೂ, ಅವಮಾನವನ್ನು ಸೂಚಿಸುವ ‘ಇನ್‌ಸಲ್ಟ್’ ಎಂಬುದೂ ಇದೇ ಧಾತುವಿನಿಂದ ಹುಟ್ಟಿದವು. ಅಂದರೆ ಈ ಪದದ ಗರ್ಭದಲ್ಲಿರುವುದು ಹೊಡೆತವಲ್ಲ. ಮತ್ತೊಬ್ಬನ ಕಡೆಗೆ ನೆಗೆಯುವ ಚಲನೆ. ಹೊಡೆತವು ಆ ಚಲನೆಯ ಮುಂದಿನ ಹಂತ.

ಈ ಸೂಕ್ಷ್ಮವನ್ನು ಕಾನೂನಿನ ಭಾಷೆ ಉಳಿಸಿಕೊಂಡಿದೆ. 1860ರ ಭಾರತೀಯ ದಂಡ ಸಂಹಿತೆಯ 351ನೆಯ ಕಲಮು ‘ಅಸಾಲ್ಟ್’ ಅನ್ನು ನಿರೂಪಿಸುವಾಗ ಮೈಮುಟ್ಟುವುದನ್ನು ಕಡ್ಡಾಯಗೊಳಿಸಲಿಲ್ಲ. ತನ್ನ ಮೇಲೆ ಈಗಲೇ ಬಲಪ್ರಯೋಗ ನಡೆಯಲಿದೆ ಎಂಬ ಭೀತಿಯನ್ನು ಎದುರಿಗಿರುವವರಲ್ಲಿ ಹುಟ್ಟಿಸುವ ಉದ್ದೇಶದ ಅಂಗಚೇಷ್ಟೆ ಅಥವಾ ಸಿದ್ಧತೆಯಷ್ಟೇ ಸಾಕು. ಮುಷ್ಟಿಯನ್ನು ಝಳಪಿಸುವುದು, ಕಚ್ಚುವ ನಾಯಿಯ ಬಾಯಿಕುಕ್ಕೆಯನ್ನು ಸಡಿಲಿಸತೊಡಗುವುದು, ಬಡಿಯುತ್ತೇನೆಂದು ಹೇಳುತ್ತ ಕೋಲನ್ನು ಕೈಗೆತ್ತಿಕೊಳ್ಳುವುದು ಇವು ಅಲ್ಲಿ ಕೊಟ್ಟಿರುವ ದೃಷ್ಟಾಂತಗಳು. ಬರಿಯ ಮಾತು ಸಾಲದು. ಆದರೆ ಮಾತು ಚೇಷ್ಟೆಗೆ ಅರ್ಥವನ್ನು ಕೊಡಬಲ್ಲದು. ಮೈಮುಟ್ಟಿದ ಬಳಿಕದ ಕೃತ್ಯಕ್ಕೆ ‘ಅಪರಾಧಿಕ ಬಲಪ್ರಯೋಗ’ ಎಂಬ ಬೇರೆಯ ಹೆಸರೇ ಇದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 130ನೆಯ ಕಲಮಿನಲ್ಲಿಯೂ ಇದೇ ನಿರೂಪಣೆ ಮುಂದುವರಿದಿದೆ.

ಕನ್ನಡದ ‘ಹಲ್ಲೆ’ಯ ಸ್ವಭಾವ ಬೇರೆ. ಮರಾಠಿಯ ‘ಹಲ್ಲಾ’ ಪದಕ್ಕೆ ಸಮೀಪವಾದ ಈ ಪದವು ಇಂದು ಕನ್ನಡಿಗರ ಕಿವಿಯಲ್ಲಿ ಪೆಟ್ಟು, ಗಾಯ, ರಕ್ತಗಳನ್ನೇ ಧ್ವನಿಸುತ್ತದೆ. ‘ಮಾರಣಾಂತಿಕ ಹಲ್ಲೆ’, ‘ಹಲ್ಲೆಗೊಳಗಾದವರು ಆಸ್ಪತ್ರೆಗೆ’ ಮೊದಲಾದ ಪ್ರಯೋಗಗಳು ಈ ಅರ್ಥವನ್ನು ಗಟ್ಟಿಗೊಳಿಸಿವೆ. ಪೆಟ್ಟು ಬೀಳದ ಹಲ್ಲೆಯನ್ನು ಕನ್ನಡದ ಓದುಗ ಊಹಿಸಿಕೊಳ್ಳಲಾರ. ಹೀಗಾಗಿ ಕೋಲೆತ್ತಿ ಬಂದವನಿಂದ ಹೇಗೋ ತಪ್ಪಿಸಿಕೊಂಡ ಹೆಣ್ಣುಮಗಳನ್ನು ‘ಹಲ್ಲೆಯಾಯಿತೇ?’ ಎಂದು ಕೇಳಿದರೆ ಆಕೆ ‘ಇಲ್ಲ’ ಎಂದೇ ಹೇಳುವಳು. ಆಕೆಯ ಉತ್ತರ ಕನ್ನಡದ ಮಟ್ಟಿಗೆ ಸತ್ಯ. ಕಾನೂನಿನ ಮಟ್ಟಿಗೆ ಅದು ಆಕೆಗೇ ವಿರುದ್ಧವಾದ ಹೇಳಿಕೆ.

ಕನ್ನಡಕ್ಕೆ ಈ ವ್ಯತ್ಯಾಸವನ್ನು ಹೇಳುವ ಶಕ್ತಿಯಿಲ್ಲವೆಂದು ಇದರ ಅರ್ಥವಲ್ಲ. ‘ಏರಿ ಬಂದ’, ‘ಮೈಮೇಲೆ ಬಂದ’, ‘ಕೈ ಎತ್ತಿದ’ ಎಂಬ ಮಾತುಗಳಲ್ಲಿ ಹೊಡೆತಕ್ಕೆ ಮುಂಚಿನ ಕ್ಷಣವಿದೆ. ‘ಕೈ ಮಾಡಿದ’, ‘ಹೊಡೆದ’, ‘ಬಡಿದ’ ಎಂಬಲ್ಲಿ ಹೊಡೆತವೇ ಇದೆ. ಹಳ್ಳಿಯ ಜಗಳವನ್ನು ಬಣ್ಣಿಸುವ ಅನಕ್ಷರಸ್ಥನೂ ಇವನ್ನು ಬೆರೆಸುವುದಿಲ್ಲ. ‘ಎರಗು’ ಎಂಬ ಪ್ರಾಚೀನ ಧಾತುವಂತೂ ನಮಸ್ಕರಿಸು, ಬಂದು ಕುಳಿತುಕೊಳ್ಳು, ಮೇಲೆ ಬೀಳು ಎಂಬ ಅರ್ಥಗಳನ್ನೆಲ್ಲ ಹೊತ್ತು, ಚಲನೆಯನ್ನೇ ಪ್ರಧಾನವಾಗಿಸಿಕೊಂಡಿದೆ. ಲ್ಯಾಟಿನ್ ಧಾತುವಿಗೆ ‘ಹಲ್ಲೆ’ಗಿಂತ ಇದು ಹತ್ತಿರದ್ದು. ಆಡುಮಾತು ಕಾಪಾಡಿಕೊಂಡ ಭೇದವನ್ನು ಆಡಳಿತ ಕನ್ನಡವು ಒಂದೇ ಪದದಲ್ಲಿ ಅಳಿಸಿಹಾಕಿತು ಎನ್ನಬೇಕಾಗುತ್ತದೆ.

ಪಾರಿಭಾಷಿಕ ಪದಕ್ಕೆ ಶಾಸ್ತ್ರವು ಕೊಟ್ಟ ಅರ್ಥವೇ ಪ್ರಮಾಣ, ಲೋಕರೂಢಿ ಏನಿದ್ದರೇನು ಎಂಬ ಆಕ್ಷೇಪ ಬರಬಹುದು. ಇಂಗ್ಲಿಷರ ದಿನಬಳಕೆಯಲ್ಲಿಯೂ ‘ಅಸಾಲ್ಟ್’ ಎಂದರೆ ಬಹುಮಟ್ಟಿಗೆ ಹೊಡೆತವೇ ಎಂಬುದು ನಿಜ. ಕಾನೂನಿನೊಳಗೂ ಈ ಪದ ಏಕರೂಪವಾಗಿಲ್ಲ: ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ಕುರಿತ 2012ರ ಕಾಯಿದೆಯ 7ನೆಯ ಕಲಮಿನಲ್ಲಿ ಇದೇ ಪದಕ್ಕೆ ದೈಹಿಕ ಸಂಪರ್ಕ ಅವಶ್ಯ. ಆದರೆ ಈ ತೊಡಕು ಎಚ್ಚರವನ್ನು ಹೆಚ್ಚಿಸಬೇಕೇ ಹೊರತು ಕಡಿಮೆ ಮಾಡಬಾರದು. ವಕೀಲನ ಮುಂದೆ ನಿರೂಪಣೆಯ ಪಾಠವಿರುತ್ತದೆ. ದೂರುದಾರನ ಬಳಿ ಇರುವುದು ಪದದ ರೂಢಾರ್ಥ ಮಾತ್ರ. ದೂರು ರೂಪುಗೊಳ್ಳುವುದು ಆ ರೂಢಾರ್ಥದಿಂದಲೇ.

ಆದ್ದರಿಂದ ಇಲ್ಲಿ ಬೇಕಾಗಿರುವುದು ಮತ್ತೊಂದು ಸಂಸ್ಕೃತ ಸಮಾಸವಲ್ಲ. ಕಾನೂನು ಪದಕೋಶಗಳು ‘ಅಸಾಲ್ಟ್’ ಎಂಬುದರ ಎದುರು ‘ಹಲ್ಲೆ’ ಎಂದಷ್ಟೇ ಬರೆದು ಮುಗಿಸದೆ, ‘ಹೊಡೆಯಲು ಏರಿ ಬರುವುದು, ಕೈ ಎತ್ತುವುದು’ ಎಂಬ ವಿವರಣೆಯನ್ನು ಜೊತೆಗಿಡಬೇಕು. ದೂರನ್ನು ಬರೆದುಕೊಳ್ಳುವವರು ಸಿದ್ಧಪದವನ್ನು ಹೇರದೆ, ಹೇಳುವವರ ಕ್ರಿಯಾಪದಗಳನ್ನೇ ದಾಖಲಿಸಬೇಕು. ‘ಕುಡುಗೋಲು ಹಿಡಿದು ಮೈಮೇಲೆ ಬಂದ’ ಎಂಬ ವಾಕ್ಯದಲ್ಲಿ ನ್ಯಾಯಾಲಯಕ್ಕೆ ಬೇಕಾದದ್ದೆಲ್ಲವೂ ಇದೆ. ‘ಹಲ್ಲೆಗೆ ಯತ್ನಿಸಿದ’ ಎಂದು ತಿದ್ದಿದೊಡನೆ ಪೂರ್ಣಗೊಂಡ ಅಪರಾಧವು ಬರಿಯ ಯತ್ನವಾಗಿ ಕುಗ್ಗುತ್ತದೆ.