ಮೊಳಕೆಯಲ್ಲಿ ಕಾಣದ ಸಿರಿ

‘ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು’ ಎಂಬ ಗಾದೆಯು ಶಾಲಾ ಸಮಾರಂಭಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಐದನೆಯ ಇಯತ್ತೆಯಲ್ಲಿ ಮುಂದಿರುವ ಬಾಲಕನನ್ನು ಹೊಗಳುವಾಗಲೂ ಹಿಂದುಳಿದವನ ಕುರಿತು ನಿರಾಶೆ ತಾಳುವಾಗಲೂ ಅದೇ ಮಾತು ಆಧಾರವಾಗುತ್ತದೆ. ಗಾದೆಯ ಹಿರಿಮೆ ಏನೇ ಇರಲಿ, ಸಸ್ಯಶಾಸ್ತ್ರವು ಅದನ್ನು ಪೂರ್ಣವಾಗಿ ಒಪ್ಪುವುದಿಲ್ಲ. ವಿಚಾರಿಸಿ ನೋಡಿದರೆ ಆ ಮಾತು ಮೊಳಕೆಗಿಂತ ಕರುವಿಗೇ ಹೆಚ್ಚು ಸಲ್ಲುತ್ತದೆ.

ಆಕಳ ಗರ್ಭದಲ್ಲಿ ಸುಮಾರು 280 ದಿನ ಕಳೆದು ಕರು ಜನಿಸುವ ವೇಳೆಗೆ ಅದರ ಕಾಲು, ಕಣ್ಣು, ಹೃದಯ, ಮಿದುಳು ಎಲ್ಲವೂ ರೂಪುಗೊಂಡಿರುತ್ತವೆ. ಆನಂತರದ ಬೆಳವಣಿಗೆಯೆಂದರೆ ಬಹುಮಟ್ಟಿಗೆ ಇದ್ದ ಅಂಗಗಳೇ ದೊಡ್ಡವಾಗಿ ಬಲಿಯುವುದು. ಹೋರಿಯು ಒಮ್ಮೆ ತನ್ನ ಪೂರ್ಣ ಎತ್ತರ ಮುಟ್ಟಿತೆಂದರೆ ಮುಂದೆ ಎಷ್ಟು ಮೇವು ಹಾಕಿದರೂ ಇನ್ನಷ್ಟು ಎತ್ತರವಾಗದು. ಐದನೆಯ ಕಾಲಂತೂ ಮೂಡದು.

ಮದಗದ ಕೆರೆಯ ಆಸರೆಯ ಮಾಸೂರು ಸೀಮೆಯ ಹೊಲದಲ್ಲಿ ಆಗತಾನೆ ಮೊಳೆತ ಹತ್ತಿಯ ಸಸಿಯ ಸಂಗತಿ ಬೇರೆ. ಅದರಲ್ಲಿರುವುದು ಎರಡು ಬೀಜದಳ, ಒಂದು ಬೇರಿನ ತುದಿ, ಒಂದು ಕುಡಿ, ಇಷ್ಟೇ. ಹೂವಾಗಲಿ ಕಾಯಾಗಲಿ ಅಲ್ಲಿ ಅಡಗಿ ಕುಳಿತಿಲ್ಲ. ಆದರೆ ಆ ತುದಿಗಳಲ್ಲಿ ವರ್ಧನ ಅಂಗಾಂಶವಿದೆ. ಅದರ ಜೀವಕೋಶಗಳು ವಿಭಜನೆಗೊಳ್ಳುತ್ತ ಹೊಸ ಎಲೆಗಳನ್ನೂ ಹೊಸ ಮೊಗ್ಗುಗಳನ್ನೂ ನಿರ್ಮಿಸುತ್ತಲೇ ಇರುತ್ತವೆ. ಎಷ್ಟು ಟೊಂಗೆ ಒಡೆಯಬೇಕು, ಎಷ್ಟು ಕಾಯಿ ನಿಲ್ಲಬೇಕು ಎಂಬುದನ್ನು ಬಿಸಿಲು, ನೀರು, ಗೊಬ್ಬರ, ಸಾಲಿನ ಅಂತರಗಳು ಮುಂದೆ ನಿರ್ಧರಿಸುತ್ತವೆ. ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ರಸವು ಕೆಳಗಿಳಿದು ಪಕ್ಕದ ಮೊಗ್ಗುಗಳನ್ನು ತಡೆದಿಡುತ್ತದೆ. ಕುಡಿಯನ್ನು ಚಿವುಟಿದೊಡನೆ ಆ ತಡೆ ಸಡಿಲವಾಗುತ್ತದೆ. ಶಾಸ್ತ್ರದ ಹೆಸರನ್ನು ಅರಿಯದ ರೈತನೂ ಈ ಮರ್ಮವನ್ನು ಬಲ್ಲ.

ಪ್ರಾಣಿಯು ಪ್ರತಿಕೂಲ ಸ್ಥಳವನ್ನು ಬಿಟ್ಟು ಓಡಬಲ್ಲದು. ಬೇರೂರಿದ ಸಸ್ಯಕ್ಕೆ ಬೆಳವಣಿಗೆಯೇ ಚಲನೆ. ಬೆಂಗಳೂರಿನ ಸಮೀಪದ ಕೇತೋಹಳ್ಳಿಯ ದೊಡ್ಡ ಆಲದ ಮರದ ಮೂಲ ಕಾಂಡವು ರೋಗದಿಂದ ನಾಶವಾದರೂ ಬಿಳಲುಗಳೇ ಕಾಂಡಗಳಾಗಿ ಮರವನ್ನು ಉಳಿಸಿದವು. 1958ರಲ್ಲಿ ಎಫ್. ಸಿ. ಸ್ಟೀವರ್ಡ್ ಎಂಬ ವಿಜ್ಞಾನಿಯು ಬಲಿತ ಗಜ್ಜರಿಯ ಜೀವಕೋಶಗಳಿಂದ ಇಡೀ ಸಸ್ಯವನ್ನೇ ಬೆಳೆಸಿ ತೋರಿಸಿದನು. ಇಂದು ತೋಟಗಳಿಗೆ ಬರುವ ಅಂಗಾಂಶ ಕೃಷಿಯ ಬಾಳೆಸಸಿಗಳೂ ಸಸ್ಯದ ಇದೇ ಪುನರ್ನವ ಶಕ್ತಿಯ ಫಲ.

ತಳಿಗುಣವೇ ಇಲ್ಲವೆಂದು ಇದರ ಅರ್ಥವಲ್ಲ. ಗೋವಿನಜೋಳ ಬಿತ್ತಿ ಹತ್ತಿ ಬಿಡಿಸಲಾಗದು. ಬೀಜವು ಎಲ್ಲೆಯನ್ನು ಹಾಕುತ್ತದೆ. ಆ ಎಲ್ಲೆಯೊಳಗೆ ಬೆಳೆ ಎಷ್ಟಾದೀತೆಂಬುದನ್ನು ಆರೈಕೆಯು ತೀರ್ಮಾನಿಸುತ್ತದೆ.

ಶಿಕ್ಷಕರೂ ದಾನಿಗಳೂ ಇಲ್ಲಿ ಮನಗಾಣಬೇಕಾದುದು ಎರಡು. ಮಗುವಿನ ಶರೀರವು ಕರುವಿನ ನಿಯಮಕ್ಕೆ ಸೇರಿದುದು. ಬೆಳೆಯುವ ವಯಸ್ಸಿನಲ್ಲಿ ತಪ್ಪಿದ ಅನ್ನವನ್ನು ಆಮೇಲೆ ಪೂರ್ಣವಾಗಿ ತುಂಬಿಕೊಡುವುದು ಕಷ್ಟ. 2002ರಲ್ಲಿ ರಾಜ್ಯದಲ್ಲಿ ಆರಂಭಗೊಂಡ ಅಕ್ಷರ ದಾಸೋಹದ ಬಿಸಿಯೂಟವೂ ವಿದ್ಯಾರ್ಥಿನಿಲಯಗಳ ಪ್ರಸಾದವೂ ಆದುದರಿಂದಲೇ ಪಾಠದಷ್ಟೇ ಮಹತ್ವದವು. ಬುದ್ಧಿಯ ವಿಕಾಸಕ್ಕಾದರೋ ಸಸ್ಯದ ಉಪಮೆಯೇ ತಕ್ಕುದು. ಒಂದು ವರ್ಷ ಬಾಡಿದ ಕುಡಿಯ ಪಕ್ಕದಲ್ಲಿ ಇನ್ನೊಂದು ಮೊಗ್ಗು ಅವಕಾಶಕ್ಕಾಗಿ ಕಾದಿರುತ್ತದೆ.

ಹೀಗಿರಲು ಶಾಲೆಗಳಲ್ಲಿ ದತ್ತಿ ಬಹುಮಾನಗಳೆಲ್ಲವೂ ಅತಿ ಹೆಚ್ಚು ಅಂಕ ಪಡೆದವರಿಗೇ ಮೀಸಲಾಗಿರುವುದು ಯುಕ್ತವಲ್ಲ. ಅವುಗಳಲ್ಲಿ ಒಂದು ಪಾಲು ಹಿಂದಿನ ವರ್ಷಕ್ಕಿಂತ ಹೆಚ್ಚು ಪ್ರಗತಿ ತೋರಿದ ವಿದ್ಯಾರ್ಥಿಗೂ, ಇನ್ನೊಂದು ಪಾಲು ಅನುತ್ತೀರ್ಣರಾಗಿ ಮರಳಿ ಓದಬಯಸುವವರಿಗೂ ಸಲ್ಲಬೇಕು. ಮೊದಲ ಮಳೆಗೆ ಮೇಲೇಳದ ಸಾಲನ್ನು ರೈತನು ಕೂಡಲೇ ಹರಗಿಬಿಡುವುದಿಲ್ಲ. ಮತ್ತೊಂದು ಮಳೆಯ ದಾರಿ ನೋಡುತ್ತಾನೆ. ಶಾಲೆಗೂ ಆ ತಾಳ್ಮೆ ಭೂಷಣ.