ಮೈಕಿನಲ್ಲಿ ಹೇಳಿದ್ದು ಚೀಟಿಗೆ ಇಳಿಯುವುದು ಯಾವಾಗ?

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,

ಕೊಟ್ಟ ಅರ್ಜಿಗೆ ಹಿಂಬರಹವಿಲ್ಲ, ಫೋನ್ ಮಾಡಿದರೆ ‘ಸಾಹೇಬ್ರು ಮೀಟಿಂಗ್‌ನಲ್ಲಿದಾರೆ’. ಅದಕ್ಕೇ ಹೀಗೆ ಎಲ್ಲರೆದುರು ಬರೆಯಬೇಕಾಯಿತು. ಜನಸ್ಪಂದನ ಸಭೆಯ ಮಾತು ಊರಿಗೆಲ್ಲ ಗೊತ್ತು. ‘ಇನ್ನು ನಮ್ಮ ಆಸ್ಪತ್ರೆ ಚೀಟಿಯಲ್ಲಿ ಕಂಪನಿ ಹೆಸರು ಇರುವುದಿಲ್ಲ, ಔಷಧಿ ಹೆಸರು ಮಾತ್ರ’ ಎಂದು ಮೈಕ್ ಹಿಡಿದು ಹೇಳಿದವರು ತಾವೇ.

ಮೊನ್ನೆ ನಮ್ಮತ್ತೆಯ ಬಿಪಿ ಚೀಟಿ ನೋಡಿದೆ. ಔಷಧಿಯ ಹೆಸರು ಟೆಲ್ಮಿಸಾರ್ಟನ್, ಆ ಪದವೇ ಇಲ್ಲ. ಗೀಚಿದ ಬ್ರ್ಯಾಂಡ್ ಹೆಸರು, ಪಕ್ಕದಲ್ಲಿ 40. ಜನೌಷಧಿ ಕೇಂದ್ರದ ಹುಡುಗಿ ಚೀಟಿಯನ್ನು ಬೆಳಕಿಗೆ ಹಿಡಿದು, ‘ಇದೇ ಮಾತ್ರೆ ನಮ್ಮಲ್ಲಿ ಅರ್ಧಕ್ಕಿಂತ ಕಡಿಮೆಗೆ ಇದೆ, ಆದ್ರೆ ಬದಲಿಸಿ ಕೊಡೋ ಹಾಗಿಲ್ಲ’ ಎಂದಳು. ತಪ್ಪು ಅವಳದಲ್ಲ. ಔಷಧ ನಿಯಮಾವಳಿಯ 65ನೇ ನಿಯಮ ಅವಳ ಕೈ ಕಟ್ಟಿದೆ. ಡಾಕ್ಟರ ಪೆನ್ನನ್ನು ಕಟ್ಟುವವರು ಕಾಣೆ.

ಬೆಲೆ ಏಕಿಷ್ಟು ಎಂದದ್ದಕ್ಕೆ ‘ಬೆಲೆ ದೆಹಲಿಯವರದು’ ಎಂದರು ತಮ್ಮ ಕಚೇರಿಯವರು. ಒಪ್ಪಿದೆ. ಕೇಂದ್ರದ 2013ರ ಔಷಧ ಬೆಲೆ ನಿಯಂತ್ರಣ ಆದೇಶದಲ್ಲಿ ಮಾತ್ರೆ ತಯಾರಿಸಲು ಎಷ್ಟು ಖರ್ಚಾಯಿತು ಎಂಬ ಲೆಕ್ಕವೇ ಇಲ್ಲ. ಮಾರುಕಟ್ಟೆಯಲ್ಲಿ ಶೇ 1 ಅಥವಾ ಹೆಚ್ಚು ಪಾಲಿರುವ ಬ್ರ್ಯಾಂಡ್‌ಗಳ ಬೆಲೆಯ ಸರಾಸರಿ ತೆಗೆದು, ಅಂಗಡಿಯವರಿಗೆ ಶೇ 16 ಸೇರಿಸಿದರೆ ಅದೇ ಗರಿಷ್ಠ ಬೆಲೆ. ದುಬಾರಿಯವರೇ ಹೆಚ್ಚಿದ್ದರೆ ಸರಾಸರಿಯೂ ದುಬಾರಿ! ಅದರ ಮೇಲೆ ಸಗಟು ಸೂಚ್ಯಂಕದ ನೆಪದಲ್ಲಿ 2023ರ ಏಪ್ರಿಲ್‌ನಲ್ಲಿ ಶೇ 12ರಷ್ಟು ಏರಿಕೆ. ಬೆಲೆ ನಿಯಂತ್ರಣದ ಪಟ್ಟಿಯಲ್ಲಿಲ್ಲದ ಔಷಧಿಗೆ ವರ್ಷಕ್ಕೆ ಶೇ 10 ಏರಿಸಲು ಯಾರ ಅಪ್ಪಣೆಯೂ ಬೇಡ. ಆಮದಾಗುವ ಕಚ್ಚಾ ಸರಕು ಬಹುಪಾಲು ಚೀನಾದ್ದು. ಇದೆಲ್ಲ ತಮ್ಮ ಕೈಯಲ್ಲಿಲ್ಲ, ಸರಿ. ಆದರೆ ಒಪಿಡಿ ಬಾಗಿಲಲ್ಲಿ ಬ್ಯಾಗು ಹಿಡಿದು ನಿಲ್ಲುವ ಮೆಡಿಕಲ್ ರೆಪ್‌ಗಳು? ಅವರ ಸಂಬಳ, ಓಡಾಟ, ಡಾಕ್ಟರ ಮೇಜಿನ ಮೇಲೆ ಕಂಪನಿ ಕೊಟ್ಟ ಗಡಿಯಾರ, ಎಲ್ಲವನ್ನೂ ತೆರುವುದು ನಮ್ಮತ್ತೆಯ ಪಿಂಚಣಿ.

ದೆಹಲಿಯವರೂ 2023ರ ಆಗಸ್ಟ್‌ನಲ್ಲಿ ಜನರಿಕ್ ಹೆಸರನ್ನೇ ಬರೆಯಬೇಕೆಂದು ನಿಯಮ ತಂದು, ವೈದ್ಯರ ಸಂಘ ಗದರಿದ್ದೇ ತಡ, ಅದೇ ತಿಂಗಳು ತಡೆಹಿಡಿದರು. ತಾವೂ ಅದೇ ಶಾಲೆಯವರೇ? ಚಪ್ಪಾಳೆಗೆಂದೇ ಮಾತು ಕೊಡುವುದಾದರೆ ಸಭೆಗೆ ಶಾಮಿಯಾನ ಹಾಕಿಸಿದ ದುಡ್ಡಲ್ಲಿ ಆಸ್ಪತ್ರೆಯ ಔಷಧಿ ಕೌಂಟರಿಗೆ ಮಾತ್ರೆಯನ್ನಾದರೂ ತರಿಸಬಹುದಿತ್ತಲ್ಲ! ಅಲ್ಲಿ ಕೇಳಿದ್ದಕ್ಕೆಲ್ಲ ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’. ಒಳಗಿರುವುದೇನು ಸ್ವಾಮಿ?

ಔಷಧಿಯ ಹೆಸರನ್ನೇ, ಓದಲು ಬರುವ ಹಾಗೆ ಬರೆಯಬೇಕೆಂದು ತಮ್ಮ ಸಹಿಯ ಸುತ್ತೋಲೆ ಹೊರಡಿಸಿ, ಒಪಿಡಿ ಗೋಡೆಗೆ ಅಂಟಿಸಿ. ಯಾವ ತಾರೀಖಿನಿಂದ ಜಾರಿ ಎಂಬುದೂ ಅದರಲ್ಲಿರಲಿ.

ಇಂತಿ,
ಚೀಟಿ ಹಿಡಿದು ಅಲೆಯುವ ಒಬ್ಬ ನಾಗರಿಕ