ಇನಿಷಿಯಲ್ ಇಲ್ಲದ ಫೈಲುಗಳು

ಒಂದೇ ಕ್ಲಾಸಿನಲ್ಲಿ ಮೂವರು ಮಂಜುನಾಥ ಇದ್ದರೆ ಹಾಜರಿ ಕೂಗುವ ಮೇಷ್ಟ್ರು ಏನ್ ಮಾಡ್ತಿದ್ರು? ಇನಿಷಿಯಲ್ ಸೇರಿಸಿ ಕೂಗ್ತಿದ್ರು. ನಮ್ಮ ಕೋಲಾರದ ಕಡೆ ಇದು ಹಳೇ ಪದ್ಧತಿ. ಮಾಲೂರು ತಾಲ್ಲೂಕಿನ ಮಾಸ್ತಿ ಊರಿನ ಹೆಸರು ಮುಂದಿದ್ದುದರಿಂದಲೇ ವೆಂಕಟೇಶ ಅಯ್ಯಂಗಾರ್ಯರು ನಮಗೆಲ್ಲ 'ಮಾಸ್ತಿ'. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ಹೆಸರಲ್ಲಿ ಊರೂ ಇದೆ, ಅಪ್ಪನೂ ಇದ್ದಾರೆ: ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ.

ಎಡಿಟರ್‌ನಲ್ಲಿ ತೆರೆದಿಟ್ಟ ಫೈಲುಗಳಿಗೂ ಬೇಕಾಗಿರೋದು ಇದೇ.

ಬಿಡುವಿನಲ್ಲಿ ನಾನು ನೋಡಿಕೊಳ್ಳುವ ಒಂದು ಪುಟ್ಟ ವೆಬ್‌ಸೈಟ್ ಇದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಅಂತ ನಾಲ್ಕು ಫೋಲ್ಡರ್. ನಾಲ್ಕರಲ್ಲೂ 'ರೇಟ್ಸ್' ಅನ್ನೋ ಒಂದೇ ಹೆಸರಿನ ಫೈಲು. ಕೋಲಾರದ್ದು ಟೊಮೆಟೊ, 15 ಕೆ.ಜಿ. ಬಾಕ್ಸ್ ಲೆಕ್ಕ. ಶ್ರೀನಿವಾಸಪುರದ್ದು ಮಾವು, ಟನ್ ಲೆಕ್ಕ. ಒಂದರ ದರ ಇನ್ನೊಂದರಲ್ಲಿ ಸೇವ್ ಆದರೆ, ಅದನ್ನು ನೋಡಿ ರಾತ್ರಿ ಗಾಡಿಗೆ ಲೋಡ್ ಮಾಡುವ ರೈತರ ಗತಿ? ಬಾಡಿಗೆಯೂ ದಂಡ, ಮಾಲೂ ದಂಡ.

ವಿಎಸ್ ಕೋಡ್ ಬಳಸುವವರು ಸೆಟ್ಟಿಂಗ್ಸ್‌ಗೆ ಹೋಗಿ 'ಲೇಬಲ್ ಫಾರ್ಮ್ಯಾಟ್' ಅಂತ ಹುಡುಕಿ. ಅಲ್ಲಿ ನಾಲ್ಕು ಆಯ್ಕೆ. 'ಡೀಫಾಲ್ಟ್' ಇದ್ದರೆ, ಒಂದೇ ಹೆಸರಿನ ಎರಡು ಫೈಲು ಒಟ್ಟಿಗೆ ತೆರೆದಾಗ ಮಾತ್ರ ಟ್ಯಾಬ್‌ನಲ್ಲಿ ಫೋಲ್ಡರ್ ಹೆಸರು ಕಾಣುತ್ತೆ. 'ಶಾರ್ಟ್' ಹಾಕಿದರೆ ಫೈಲಿನ ಪಕ್ಕ ಫೋಲ್ಡರ್ ಯಾವಾಗಲೂ ಇರುತ್ತೆ. 'ಮೀಡಿಯಂ' ಪ್ರಾಜೆಕ್ಟ್ ಒಳಗಿನ ದಾರಿ ತೋರಿಸುತ್ತೆ, 'ಲಾಂಗ್' ಡ್ರೈವ್‌ನಿಂದ ಶುರುವಾಗುವ ಪೂರ್ತಿ ದಾರಿ.

ನನ್ನ ಓಟು 'ಶಾರ್ಟ್'ಗೆ. ಯಾಕಂದ್ರೆ ಗೊಂದಲ ಆಗೋದು ನಾಲ್ಕು ಫೈಲೂ ಎದುರಿಗಿದ್ದಾಗ ಅಲ್ಲ. ಆಗ ನಾವೇ ಹುಷಾರಾಗಿರ್ತೀವಿ. ಒಂದೇ ಒಂದು 'ರೇಟ್ಸ್' ತೆರೆದಿದ್ದಾಗ ಅಪಾಯ ಜಾಸ್ತಿ. ಡೀಫಾಲ್ಟ್‌ನಲ್ಲಿ ಅದಕ್ಕೆ ಇನಿಷಿಯಲ್ಲೇ ಇರಲ್ಲ. ಇದು ಕೋಲಾರದ್ದೇ ಅಂದುಕೊಂಡು ಕೈ ಟೈಪ್ ಮಾಡಿಬಿಡುತ್ತೆ.

ಊರ ಹೆಸರು ಮಾಸ್ತಿಯವರ ಹಾಗೆ ಮುಂದೇ ಬೇಕಾ? 2024ರಲ್ಲಿ ಬಂದ 'ಕಸ್ಟಮ್ ಲೇಬಲ್ಸ್' ನೋಡಿ. ಅದರ 'ಪ್ಯಾಟರ್ನ್ಸ್' ಕೆಳಗೆ ಯಾವ ಫೈಲಿಗೆ ಯಾವ ಹೆಸರು ಕಾಣಬೇಕು ಅಂತ ನಾವೇ ಬರೆಯಬಹುದು. ಡಾಲರ್ ಚಿಹ್ನೆ, ಫ್ಲವರ್ ಬ್ರಾಕೆಟ್ ಒಳಗೆ 'ಡರ್‌ನೇಮ್' ಅಂತ ಇಟ್ಟರೆ ಅಲ್ಲಿ ಫೋಲ್ಡರ್ ಹೆಸರು ಬಂದು ಕೂರುತ್ತೆ. ಟ್ಯಾಬ್ ಕಿರಿದಾದರೂ ಕೊನೆ ಕತ್ತರಿಸಿ ಹೋಗುತ್ತೆ, ಊರು ಉಳಿಯುತ್ತೆ.

ಈಮ್ಯಾಕ್ಸ್ ಮಂದಿಗೆ ಇದು ಹೊಸದಲ್ಲ. ಅಲ್ಲಿ 'ಯೂನಿಕ್ವಿಫೈ' ಅನ್ನೋ ಸೌಲಭ್ಯ 2014ರ 24.4 ಆವೃತ್ತಿಯಿಂದ ತಾನಾಗೇ ಆನ್ ಇರುತ್ತೆ. ಅದಕ್ಕೂ ಮುಂಚೆ ಎರಡನೇ ಫೈಲಿನ ಹೆಸರಿಗೆ ಬರೀ '2' ಅಂತ ಅಂಟಿಸುತ್ತಿತ್ತು. 2 ಅಂದ್ರೆ ಮಾಲೂರೋ ಮುಳಬಾಗಿಲೋ, ಯಾರಿಗೆ ಗೊತ್ತು? ಈಗಲೂ ಹೆಸರು ಡಿಕ್ಕಿ ಹೊಡೆದಾಗ ಮಾತ್ರ ಫೋಲ್ಡರ್ ಸೇರಿಸುತ್ತೆ. 'ಫಾರ್ವರ್ಡ್' ಶೈಲಿ ಆರಿಸಿದರೆ ಅದು ಮುಂದೆ ಬರುತ್ತೆ.

ಒಂದು ಎಚ್ಚರಿಕೆ. ಟೆಸ್ಟ್ ಪ್ರತಿ ಒಂದು, ಜನ ನೋಡುವ ಲೈವ್ ಪ್ರತಿ ಒಂದು ಇದ್ದರೆ ಎರಡರಲ್ಲೂ ಕೋಲಾರ ಫೋಲ್ಡರ್ ಇರುತ್ತೆ. ಆಗ ಒಂದು ಇನಿಷಿಯಲ್ ಸಾಲದು, ಡಿ.ವಿ.ಜಿ. ತರ ಎರಡು ಬೇಕು. 'ಡರ್‌ನೇಮ್' ಜೊತೆಗೆ, ಆವರಣದಲ್ಲಿ 1 ಹಾಕಿದ ಇನ್ನೊಂದು 'ಡರ್‌ನೇಮ್' ಕೂಡ ಸೇರಿಸಿ, ಮೇಲಿನ ಫೋಲ್ಡರೂ ಬರುತ್ತೆ. ಇನ್ನೂ ಧೈರ್ಯ ಸಾಲದಿದ್ದರೆ 'ಕಲರ್ ಕಸ್ಟಮೈಸೇಷನ್ಸ್'ನಲ್ಲಿ ಲೈವ್ ವರ್ಕ್‌ಸ್ಪೇಸಿಗೆ ಮಾತ್ರ ಟೈಟಲ್ ಬಾರ್ ಕೆಂಪು ಮಾಡಿ.

ಫೋನಿನಲ್ಲಿ ಓದ್ತಿದ್ರೆ ಈ ಪುಟ ಉಳಿಸಿಕೊಳ್ಳಿ. ನಾಳೆ ಲ್ಯಾಪ್‌ಟಾಪ್ ತೆಗೆದ ಕೂಡಲೇ ಮೊದಲು 'ಶಾರ್ಟ್' ಮಾಡಿ, ಆಮೇಲೆ ಕೆಲಸ ಶುರು ಮಾಡಿ. ಎರಡು ನಿಮಿಷವೂ ಹಿಡಿಯಲ್ಲ.